ಚಕ್ಕುಬಂದಿಯಿಂದ ಸೂರಿನವರೆಗೆ: ಹಳ್ಳಿಯ ಹಳೇ ಮನೆಯ ಚರಿತ್ರೆ ಹುಡುಕುವ ಬಗೆ

(ಹಳೆಯ ಮನೆ ಉಳಿಸಿಕೊಂಡಿರುವವರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಬಿಟ್ಟಿದೆ. ಕೊನೆಯಲ್ಲಿ ಸಭಿಕರ ಕೆಲವು ಪ್ರಶ್ನೆಗಳಿವೆ.)

ಎಲ್ಲರಿಗೂ ನಮಸ್ಕಾರ. "ನಮ್ಮ ಮನೆ ಇನ್ನೂರು ವರ್ಷದ್ದು" ಎನ್ನುವವರು ಈ ಸಭೆಯಲ್ಲೇ ಹತ್ತಾರು ಮಂದಿ ಸಿಗುತ್ತೀರಿ. ಇನ್ನೂರು ವರ್ಷ ಯಾವುದಕ್ಕೆ ಎಂದು ಕೇಳಿದರೆ ಮಾತ್ರ ಸ್ವಲ್ಪ ತಡವರಿಸುತ್ತೀರಿ. ನಿವೇಶನಕ್ಕೋ, ಈಗ ನಿಂತಿರುವ ಗೋಡೆಗೋ ಮಾಡಿಗೋ (ಚಾವಣಿಗೋ), ಅಲ್ಲಿ ಒಲೆ ಹಚ್ಚುತ್ತಿರುವ ಮನೆತನಕ್ಕೋ? ಮನೆತನ ಇನ್ನೂರು ವರ್ಷದಿಂದ ಅದೇ ಊರಲ್ಲಿರಬಹುದು, ಜಾಗ ಅದಕ್ಕಿಂತ ಹಳೆಯದಿರಬಹುದು, ಕಟ್ಟಡ ಮಾತ್ರ 1920ರ ಈಚಿನದು. ನಮ್ಮ ಕಡೆ ಇದೇ ಹೆಚ್ಚು. ಹುಲ್ಲಿನ ಮಾಡು ಒಂದು ಬೆಂಕಿಗೆ ಹೋಗುತ್ತದೆ, ಮಣ್ಣಿನ ಗೋಡೆ ಒಂದು ದೊಡ್ಡ ಮಳೆಗೆ ಕೂರುತ್ತದೆ. ಅದೇ ಪಾಯದ ಮೇಲೆ ಮತ್ತೆ ಕಟ್ಟಿಕೊಳ್ಳುತ್ತಾರೆ, ಹೆಸರು ಮಾತ್ರ "ಹಳೇಮನೆ" ಎಂದೇ ಉಳಿಯುತ್ತದೆ.

ಆದ್ದರಿಂದ ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಲಂ ಹಾಕಿಕೊಳ್ಳಿ: ಜಾಗ, ಕಟ್ಟಡ, ಮನೆತನ. ಸಿಕ್ಕ ಪ್ರತಿ ಸಂಗತಿಯೂ ಈ ಮೂರರಲ್ಲಿ ಯಾವುದರ ಬಗ್ಗೆ ಎಂದು ಗೊತ್ತುಮಾಡಿಕೊಂಡೇ ಬರೆಯಬೇಕು. ಕಾಗದಗಳು ಬಹುಪಾಲು ಜಾಗದ ಬಗ್ಗೆ ಮಾತಾಡುತ್ತವೆ. ಮರ, ಮಣ್ಣು, ಹೆಂಚು ಕಟ್ಟಡದ ಬಗ್ಗೆ. ಹಿರಿಯರ ಮಾತು ಮನೆತನದ ಬಗ್ಗೆ. ಒಂದರ ಸಾಕ್ಷಿಯನ್ನು ಇನ್ನೊಂದಕ್ಕೆ ಹಚ್ಚಿದಲ್ಲೇ ಈ ಕೆಲಸ ಕೆಡುವುದು. ಊರಿನ ಹೆಸರು ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಅಚ್ಚಾದ ಯಾವುದೋ ಶಾಸನದಲ್ಲಿ ಸಿಕ್ಕಿದೊಡನೆ ಮನೆಗೂ ಹೊಯ್ಸಳರ ಕಾಲ ಕೊಡುವವರಿದ್ದಾರೆ. ಅದು ಊರಿನ ವಯಸ್ಸು, ಮನೆಯದಲ್ಲ.

ಮೊದಲು ಮನೆಯ ಪೆಟ್ಟಿಗೆ

ಕಚೇರಿಗೆ ಹೋಗುವ ಮುಂಚೆ ಮನೆಯ ಅಟ್ಟ, ಗೋಡೆಯ ಗೂಡು, ದೇವರ ಕೋಣೆಯ ಪೆಟ್ಟಿಗೆ ನೋಡಿ. ಕ್ರಯಪತ್ರ, ಭೋಗ್ಯಪತ್ರ, ಪಾಲುಪಟ್ಟಿ, ದಾನಪತ್ರ, ಕಂದಾಯದ ರಸೀದಿ, ಜಾತಕ, ಕೋರ್ಟಿನ ಡಿಕ್ರಿ ಎಲ್ಲವೂ ಬೇಕು. ದಾಯಾದಿಗಳ ಮನೆಯನ್ನೂ ಮರೆಯಬೇಡಿ. ಪಾಲಾದಾಗ ಮೂಲಪತ್ರಗಳು ಸಾಮಾನ್ಯವಾಗಿ ಹಿರಿಯಣ್ಣನ ಕವಲಿಗೆ ಹೋಗಿರುತ್ತವೆ. ಅಲ್ಲಿ ಕಾಗದ ಕೇಳಲು ಹೋದರೆ ಪಾಲು ಕೇಳಲು ಬಂದರೆಂದೇ ಮೊದಲು ಅನುಮಾನ ಹುಟ್ಟುವುದು. ನಿಮ್ಮಲ್ಲಿರುವ ಪತ್ರಗಳ ಜೆರಾಕ್ಸ್ ಒಂದು ಕಟ್ಟು ಅವರಿಗೆ ಮೊದಲು ಕೊಡಿ. ಮೂಲ ಕೇಳಬೇಡಿ, ಅವರ ಜಗುಲಿಯ ಮೇಲೆಯೇ ಕೂತು ಫೋಟೋ ತೆಗೆದುಕೊಂಡು ಬನ್ನಿ.

ಕಪ್ಪು ಬಟ್ಟೆಯ ಮಡಿಕೆ ಪುಸ್ತಕ, ಅಂದರೆ ಕಡತ, ಸಿಕ್ಕಿದರೆ ಬಹಳ ಎಚ್ಚರ ಬೇಕು. ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಬಟ್ಟೆಯನ್ನು ಕಪ್ಪಾಗಿಸಿ, ಅದರ ಮೇಲೆ ಬಳಪದಲ್ಲಿ ಬರೆದಿರುತ್ತಾರೆ. ಬಳಪದ ಬರಹ ಒರೆಸಿದರೆ ಹೋಗುತ್ತದೆ. ಹಾಗೆ ಅಳಿಸಿ ಮತ್ತೆ ಬರೆಯಲೆಂದೇ ಆ ಏರ್ಪಾಡು. ಧೂಳಿದೆಯೆಂದು ಒದ್ದೆ ಬಟ್ಟೆ ಆಡಿಸಿದರೆ ನೂರೈವತ್ತು ವರ್ಷದ ಲೆಕ್ಕ ಒಂದೇ ಕೈಗೆ ಮಾಯ. ಮಡಿಕೆಯನ್ನು ಒಂದೊಂದಾಗಿ ಬಿಡಿಸಿ, ಪಕ್ಕದ ಕಿಟಕಿಯಿಂದ ಓರೆಯಾಗಿ ಬೆಳಕು ಬೀಳುವಂತೆ ಇಟ್ಟು, ಒಂದೊಂದು ಮಡಿಕೆಗೂ ಎರಡು ಫೋಟೋ ತೆಗೆಯಿರಿ. ಪಕ್ಕದಲ್ಲೊಂದು ಸ್ಕೇಲು ಇರಲಿ. ಕಾಗದದ ಪತ್ರಗಳಿಗಾದರೆ ಲ್ಯಾಮಿನೇಶನ್ ಬೇಡ, ಸೆಲ್ಲೋಟೇಪು ಬೇಡ. ಲ್ಯಾಮಿನೇಶನ್ನಿನ ಬಿಸಿ ಮತ್ತು ಅಂಟು ಹಳೇ ಕಾಗದವನ್ನು ಒಳಗೇ ಬೇಯಿಸುತ್ತವೆ, ಮತ್ತೆ ಬಿಡಿಸಲಾಗುವುದಿಲ್ಲ.

ಛಾಪಾ ಕಾಗದದ ಹಿಂಬದಿಯನ್ನು ತಪ್ಪದೆ ಓದಿ. ಮಾರಿದವನ ಷರಾ ಅಲ್ಲಿರುತ್ತದೆ: ಯಾವ ದಿನ, ಯಾರಿಗೆ, ಎಷ್ಟು ಬೆಲೆಯ ಕಾಗದ ಎಂದು. ಒಂದೇ ಪತ್ರದಲ್ಲಿ ಹೀಗೆ ಮೂರು ತಾರೀಖು ಸಿಗುತ್ತವೆ: ಛಾಪಾ ಕೊಂಡದ್ದು, ಪತ್ರ ಬರೆದದ್ದು, ನೋಂದಣಿಯಾದದ್ದು. ಬರೆದ ದಿನದಿಂದ 4 ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು, ತಡವಾದರೆ ದಂಡ ಕಟ್ಟಿ ಇನ್ನೂ 4 ತಿಂಗಳು. ಆದ್ದರಿಂದ ಪತ್ರದ ಮೇಲಿನ ತಾರೀಖನ್ನು ಹಿಡಿದು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಹುಡುಕುವವರು ಮುಂದಿನ ವರ್ಷದ ಪುಸ್ತಕವನ್ನೂ ತೆಗೆಸಬೇಕು.

ತಾರೀಖೇ ಇಲ್ಲದ ರಸೀದಿಗೂ ಕಾಲ ಕಟ್ಟಬಹುದು. ಆಣೆ-ಪೈ ಲೆಕ್ಕವಿದ್ದರೆ ಸಾಮಾನ್ಯವಾಗಿ 1957ರ ಏಪ್ರಿಲ್‌ಗೆ ಹಿಂದಿನದು. "ನಯೇ ಪೈಸೆ" ಎಂದಿದ್ದರೆ 1957ರಿಂದ 1964ರ ಆಸುಪಾಸಿನದು. "ಮೈಸೂರು ಸರ್ಕಾರ" ಎಂಬ ಅಚ್ಚು 1973ರ ನವೆಂಬರ್ 1ರ ಮುಂಚಿನದು, ಹಳೇ ಫಾರಂ ಮುಗಿಯುವವರೆಗೆ ಒಂದೆರಡು ವರ್ಷ ಈಚೆಗೂ ಬಂದಿರಬಹುದು.

ಸಂವತ್ಸರದ ಲೆಕ್ಕ

ಹಳೇ ಪತ್ರದಲ್ಲಿ, ಬಾಗಿಲ ಮೇಲಿನ ಕೆತ್ತನೆಯಲ್ಲಿ ಸಂವತ್ಸರದ ಹೆಸರು ಮಾತ್ರ ಇರುವುದುಂಟು. 60 ವರ್ಷಕ್ಕೊಮ್ಮೆ ಅದೇ ಹೆಸರು ಮರಳಿ ಬರುತ್ತದೆ: ವಿಶ್ವಾವಸು ಎಂದರೆ 1845 ಆಗಬಹುದು, 1905 ಆಗಬಹುದು, 1965 ಆಗಬಹುದು. ಶಕವರ್ಷವೂ ಜೊತೆಗಿದ್ದರೆ ತಾಳೆ ನೋಡುವ ಸುಲಭ ದಾರಿ ಇದೆ. ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ. ಉಳಿದ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ. ಶೇಷ ಸೊನ್ನೆ ಬಂದರೆ ಅಕ್ಷಯ. ಉದಾಹರಣೆಗೆ ಶಕ 1827: 12 ಕೂಡಿದರೆ 1839, 60ರಿಂದ ಭಾಗಿಸಿದರೆ ಶೇಷ 39. ಪ್ರಭವದಿಂದ 39ನೆಯದು ವಿಶ್ವಾವಸು. ಪತ್ರದಲ್ಲೂ ವಿಶ್ವಾವಸು ಎಂದೇ ಇದ್ದರೆ ಓದಿದ್ದು ಸರಿ. ಒಂದು ಹೆಸರು ಹಿಂದೆ ಮುಂದೆ ಬಂದರೆ ಅಂಕಿ ಓದುವಲ್ಲಿ ತಪ್ಪಿದೆ, ಇಲ್ಲವೇ ಬರೆದವನು ಗತವರ್ಷದ (ಪೂರ್ತಿ ಕಳೆದ ವರ್ಷಗಳ ಎಣಿಕೆ) ಬದಲು ವರ್ತಮಾನ ವರ್ಷ (ನಡೆಯುತ್ತಿರುವುದನ್ನೂ ಸೇರಿಸಿದ ಎಣಿಕೆ) ಹಿಡಿದಿದ್ದಾನೆ. ಇಂಥ ಕಡೆ ಸಂವತ್ಸರದ ಹೆಸರನ್ನೇ ನಂಬಿ. ಕನ್ನಡದ ೧ ಮತ್ತು ೧ರಂತೆ ಕಾಣುವ ಸವೆದ ೦, ೬ ಮತ್ತು ೯ ಕೆತ್ತನೆಯಲ್ಲಿ ಬಹಳ ಮೋಸ ಮಾಡುತ್ತವೆ.

ಇಸವಿಗೆ ತರಲು ಶಕಕ್ಕೆ 78 ಕೂಡಿಸುವುದು ಎಲ್ಲರಿಗೂ ಗೊತ್ತು. ಆದರೆ ಮಾಘ, ಫಾಲ್ಗುಣ ಮಾಸವಾದರೆ 79 ಕೂಡಬೇಕು, ಅಷ್ಟರಲ್ಲಿ ಜನವರಿ ದಾಟಿರುತ್ತದೆ. ಪುಷ್ಯ ಎರಡೂ ಕಡೆ ಬೀಳುತ್ತದೆ. ಶಕ 1827ರ ಮಾಘ ಅಂದರೆ 1906ರ ಆರಂಭ. ಫಸಲಿ ವರ್ಷ ಬರುವುದು ಮದರಾಸಿನ ಕೆಳಗಿದ್ದ ದಕ್ಷಿಣ ಕನ್ನಡ, ಬಳ್ಳಾರಿ, ಕೊಳ್ಳೇಗಾಲದ ಕಡೆ ಮತ್ತು ನಿಜಾಮರ ಸೀಮೆಯಲ್ಲಿ. ಅದಕ್ಕೆ 590 ಕೂಡಿಸಿದರೆ ವರ್ಷ ಶುರುವಾದ ಇಸವಿ ಸಿಗುತ್ತದೆ: ಮದರಾಸಿನ ಫಸಲಿ 1334 ಎಂದರೆ 1924ರ ಜುಲೈಯಿಂದ 1925ರ ಜೂನ್.

ಪಹಣಿಯಲ್ಲಿ ಮನೆ ಯಾಕೆ ಸಿಗುವುದಿಲ್ಲ

ಎಲ್ಲರೂ ಮೊದಲು ಪಹಣಿ, ಅಂದರೆ ಜಮೀನಿನ ಹಕ್ಕು-ಬೆಳೆಯ ದಾಖಲೆ, ತೆಗೆಸುತ್ತಾರೆ. ತೋಟದ ನಡುವಿನ ಒಂಟಿಮನೆಯಾದರೆ, ಮಲೆನಾಡು ಕರಾವಳಿಯಲ್ಲಿ ಇದೇ ಹೆಚ್ಚು, ಪಹಣಿ ಕೆಲಸಕ್ಕೆ ಬರುತ್ತದೆ. ಬಯಲುಸೀಮೆಯಲ್ಲಿ ಮನೆಗಳು ಗ್ರಾಮಠಾಣಾದೊಳಗೆ, ಅಂದರೆ ಊರಿನ ವಾಸದ ಜಾಗದೊಳಗೆ, ಒತ್ತಾಗಿರುತ್ತವೆ. ಗ್ರಾಮಠಾಣಾಕ್ಕೆ ಕಂದಾಯ ಇಲ್ಲದ್ದರಿಂದ ಸರ್ವೆಯವರು ಅದರ ಹೊರಗಡಿ ಮಾತ್ರ ಅಳೆದು, ಒಳಗಿನ ಮನೆಗಳನ್ನು ಬಿಟ್ಟರು. ಗ್ರಾಮನಕ್ಷೆಯಲ್ಲೂ ಅಷ್ಟೇ. ಅದರ ಪ್ರಮಾಣ ಸಾಮಾನ್ಯವಾಗಿ ಮೈಲಿಗೆ 8 ಇಂಚು, ಅಂದರೆ 1:7920. 33 ಅಡಿ ಅಗಲದ ಮನೆ ಅದರಲ್ಲಿ ಒಂದೂಕಾಲು ಮಿಲಿಮೀಟರು. ಬರೆಯಲು ಜಾಗವೇ ಇಲ್ಲ.

ಗ್ರಾಮಠಾಣಾ ಮನೆಗೆ ದಾಖಲೆ ಇರುವುದು ಪಂಚಾಯ್ತಿಯಲ್ಲಿ. ಇ-ಸ್ವತ್ತಿನ (ಪಂಚಾಯ್ತಿ ಆಸ್ತಿಗಳ ಆನ್‌ಲೈನ್ ದಾಖಲೆಯ) ನಮೂನೆ 9 ಮತ್ತು 11 ಈಗಿನ ಸ್ಥಿತಿ ಹೇಳುತ್ತವೆ, ಚರಿತ್ರೆಗೆ ಅದರಿಂದ ಪ್ರಯೋಜನ ಕಡಿಮೆ. ಕೇಳಬೇಕಾದದ್ದು ಹಳೇ ಮನೆಕಂದಾಯದ ನಿರ್ಧರಣಾ ಪಟ್ಟಿ, ಬೇಡಿಕೆ-ವಸೂಲಿ ರಿಜಿಸ್ಟರು. ಕೆಲವು ಪಟ್ಟಿಗಳಲ್ಲಿ ಹುಲ್ಲಿನ ಮನೆ, ಹೆಂಚಿನ ಮನೆ ಎಂದು ಮಾಡಿನ ಬಗೆ ಬರೆದಿರುತ್ತಾರೆ. ಕಾಗದವೊಂದು ಕಟ್ಟಡದ ಬಗ್ಗೆ ಬಾಯಿಬಿಡುವ ಅಪರೂಪದ ಜಾಗ ಇದು. ಮನೆಯ ಗುರುತು ಹಳೇ ಮೈಸೂರಿನ ಕಡೆ ಖಾನೇಶುಮಾರಿ (ಮನೆ ಎಣಿಕೆಯ) ನಂಬರಿನಲ್ಲಿ, ಧಾರವಾಡ ಬೆಳಗಾವಿ ಕಡೆ ವಿ.ಪಿ.ಸಿ. ಎಂಬ ಪಂಚಾಯ್ತಿ ನಂಬರಿನಲ್ಲಿ ಇರುತ್ತದೆ. ಪಟ್ಟಿ ಪರಿಷ್ಕರಣೆಯಾದಾಗ ಈ ನಂಬರು ಬದಲಾಗುತ್ತದೆ. ಈಗಿನ ನಂಬರು ಹಿಡಿದು ಹಿಂದಕ್ಕೆ ಹೋದರೆ ಪಕ್ಕದ ಬೀದಿಯ ಯಾರದೋ ಮನೆಗೆ ಹೋಗಿ ನಿಲ್ಲುತ್ತೀರಿ. ಒಂದು ಪಟ್ಟಿಯಲ್ಲಿ ನಿಮ್ಮ ಮನೆ ಸಿಕ್ಕಾಗ ಹಿಂದಿನ ಐದು, ಮುಂದಿನ ಐದು ಮನೆಯವರ ಹೆಸರನ್ನೂ ಬರೆದುಕೊಳ್ಳಿ. ಹಿಂದಿನ ಪಟ್ಟಿಯಲ್ಲಿ ನಂಬರು ಬೇರೆಯಾದರೂ ನೆರೆಹೊರೆಯ ಸಾಲು ಅದೇ ಇರುತ್ತದೆ.

ಹಳೇ ಪಂಚಾಯ್ತಿ ಪುಸ್ತಕ ಈಗಿನ ಪಂಚಾಯ್ತಿಯಲ್ಲೇ ಇರಬೇಕೆಂದಿಲ್ಲ. 1959ರ ಕಾಯ್ದೆಯ ಪಂಚಾಯ್ತಿ, 1987ರಲ್ಲಿ ಬಂದ ಮಂಡಲ ಪಂಚಾಯ್ತಿ, 1993ರ ಕಾಯ್ದೆಯ ಗ್ರಾಮ ಪಂಚಾಯ್ತಿ, ಈ ಮೂರರ ಕೇಂದ್ರಸ್ಥಾನ ಹಲವು ಕಡೆ ಮೂರು ಬೇರೆ ಊರು. ಮಂಡಲದ ಕೇಂದ್ರ ಯಾವೂರಾಗಿತ್ತು ಎಂದು ಹಿರಿಯರನ್ನು ಕೇಳಿ ಅಲ್ಲಿಯ ಬೀರುವನ್ನೂ ತೆಗೆಸಿ. ಬಾಯಿಮಾತಿಗೆ "ಇಲ್ಲ" ಎಂದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ: ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. "ನಮ್ಮ ಮನೆಯ ಎಲ್ಲ ದಾಖಲೆ" ಎಂದು ಬರೆದರೆ ಏನೂ ಸಿಗದು. ರಿಜಿಸ್ಟರಿನ ಹೆಸರು, ಊರು, ಇಸವಿಯ ಮಿತಿ ಹೇಳಿ, ಪರಿಶೀಲನೆಗೆ ಅವಕಾಶ ಕೇಳಿ.

ತೋಟದ ಮನೆಯವರಿಗೆ: ಪಹಣಿಯ ಜೊತೆ ಮ್ಯುಟೇಶನ್ (ಖಾತೆ ಬದಲಾವಣೆಯ) ರಿಜಿಸ್ಟರು, ಇಂಡೆಕ್ಸ್ ಆಫ್ ಲ್ಯಾಂಡ್ಸ್, ರೆಕಾರ್ಡ್ ಆಫ್ ರೈಟ್ಸ್ ಇಷ್ಟನ್ನು ತಾಲ್ಲೂಕು ಕಚೇರಿಯ ದಾಖಲೆ ಕೋಣೆಯಿಂದ, ಮೂಲ ಟಿಪ್ಪಣಿ (ಜಮೀನಿನ ಅಳತೆಯ ಹಾಳೆ) ಮತ್ತು ಆಕಾರಬಂದನ್ನು (ವಿಸ್ತೀರ್ಣ, ಕಂದಾಯದ ಪಟ್ಟಿ) ಸರ್ವೆ ಶಾಖೆಯಿಂದ ತೆಗೆಸಿ. ಮೈಸೂರು ಸೀಮೆಯಲ್ಲಿ ಕಂದಾಯ ಸರ್ವೆ ಶುರುವಾದದ್ದು 1863ರಲ್ಲಿ, ಮುಂಬಯಿ ಪದ್ಧತಿಯಲ್ಲಿ. ಟಿಪ್ಪಣಿಯ ಅಳತೆಗಳು 33 ಅಡಿಯ ಸರಪಳಿಯಲ್ಲಿ, ಸರಪಳಿಗೆ 16 ಆಣೆ. ಈ ಆಣೆಯನ್ನು ದುಡ್ಡಿನ ಆಣೆ ಎಂದು ಓದಿ ಗಾಬರಿಯಾದವರಿದ್ದಾರೆ. ಒಂದು ಸರಪಳಿ ಚೌಕ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಕರಾವಳಿಯ ಸೆಂಟ್ಸ್ ಲೆಕ್ಕಕ್ಕೆ ತರಬೇಕಾದರೆ ಗುಂಟೆಗೆ ಎರಡೂವರೆ ಸೆಂಟ್ಸ್.

ಪೌತಿ ಖಾತೆಯ, ಅಂದರೆ ಸತ್ತವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಿದ, ತಾರೀಖನ್ನು ಯಾರದೂ ಸಾವಿನ ತಾರೀಖೆಂದು ಬರೆಯಬೇಡಿ. ಅಜ್ಜ ತೀರಿಕೊಂಡು ಮೂವತ್ತು ವರ್ಷವಾದರೂ ಖಾತೆ ಅಜ್ಜನ ಹೆಸರಲ್ಲೇ ಇರುವುದು ನಮ್ಮಲ್ಲಿ ಮಾಮೂಲು. ಸಾಲಕ್ಕೆ ಬ್ಯಾಂಕಿಗೆ ಹೋದಾಗಲೇ ಎಲ್ಲರಿಗೂ ಪೌತಿ ನೆನಪಾಗುವುದು.

ನೆರೆಯವರ ಪತ್ರದಲ್ಲಿ ನಿಮ್ಮ ಮನೆ

ಈಗ ಸಬ್‌ರಿಜಿಸ್ಟ್ರಾರ್ ಕಚೇರಿ. ಋಣಭಾರ ಪತ್ರ, ಜನರ ಬಾಯಲ್ಲಿ ಇ.ಸಿ., ಆನ್‌ಲೈನಿನಲ್ಲಿ 2004ರ ಏಪ್ರಿಲ್‌ನಿಂದ ಈಚಿನದು ಸಿಗುತ್ತದೆ. ಅದರ ಹಿಂದಿನದಕ್ಕೆ ಕಚೇರಿಯಲ್ಲೇ ಅರ್ಜಿ ಕೊಟ್ಟು ಸೂಚಿಗಳನ್ನು ಕೈಯಲ್ಲಿ ಹುಡುಕಿಸಬೇಕು. ವ್ಯವಹಾರ ಸಿಕ್ಕರೆ ನಮೂನೆ 15, ಇಲ್ಲದಿದ್ದರೆ ನಮೂನೆ 16 ಕೊಡುತ್ತಾರೆ. ನಮೂನೆ 16 ಬಂತೆಂದರೆ ವ್ಯವಹಾರವೇ ನಡೆದಿಲ್ಲ ಎಂದಲ್ಲ. ನೀವು ಬರೆದ ವಿವರಕ್ಕೆ ಹೊಂದುವ ನೋಂದಾಯಿತ ಪತ್ರ ಸಿಗಲಿಲ್ಲ ಎಂದಷ್ಟೇ. 100 ರೂಪಾಯಿಗಿಂತ ಕಡಿಮೆಯ ಕ್ರಯಕ್ಕೆ ನೋಂದಣಿ ಕಡ್ಡಾಯವಿರಲಿಲ್ಲ, ಹಳ್ಳಿಯ ಮನೆಗಳು ಒಂದು ಕಾಲಕ್ಕೆ 60, 80 ರೂಪಾಯಿಗೆ ಕೈಬದಲಾಗುತ್ತಿದ್ದವು. ಬಾಯಿಮಾತಿನ ಪಾಲಿಗೆ ನೋಂದಣಿಯೇ ಇಲ್ಲ. ಆದ್ದರಿಂದ ಆಸ್ತಿಯ ಸೂಚಿ ಮುಗಿದ ಮೇಲೆ ಹೆಸರಿನ ಸೂಚಿಯಲ್ಲೂ ಹುಡುಕಿ, ಒಂದೇ ಹೆಸರಿನ ಮೂರು ನಾಲ್ಕು ಬರಹರೂಪ ಬರೆದುಕೊಂಡು ಹೋಗಿ.

ಇಲ್ಲಿ ಹೆಚ್ಚಿನವರು ಬಳಸಿಕೊಳ್ಳದ ಹಕ್ಕೊಂದಿದೆ. 1908ರ ನೋಂದಣಿ ಕಾಯ್ದೆಯ 57ನೇ ಕಲಮಿನ ಪ್ರಕಾರ 1ನೇ ಪುಸ್ತಕ, ಅಂದರೆ ಸ್ಥಿರಾಸ್ತಿಯ ಪತ್ರಗಳ ಪುಸ್ತಕ, ಮತ್ತು ಅದರ ಸೂಚಿಗಳು ಅರ್ಜಿ ಹಾಕಿ ಶುಲ್ಕ ಕಟ್ಟಿದ ಯಾರಿಗಾದರೂ ತೆರೆದಿರಬೇಕು. ಉಯಿಲುಗಳ 3ನೇ ಪುಸ್ತಕ, ಇತರೆ ಪತ್ರಗಳ 4ನೇ ಪುಸ್ತಕಕ್ಕೆ ಈ ಮುಕ್ತ ಅವಕಾಶವಿಲ್ಲ. ಹಾಗಾಗಿ ನಿಮ್ಮ ಪತ್ರ ಕಳೆದಿದ್ದರೆ ಸುತ್ತಲಿನ ನಾಲ್ಕು ಮನೆಗಳ ಪತ್ರ ತೆಗೆಸಿ. ಅವರ ಚಕ್ಕುಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರದಲ್ಲಿ, ನಿಮ್ಮ ಮನೆ ಇರಲೇಬೇಕಲ್ಲ.

ಒಂದು ಮಾದರಿ ನೋಡೋಣ, ಹೆಸರುಗಳು ಕಲ್ಪಿತ. ಮೂಡಣ ಮಗ್ಗುಲಿನವರ 1912ರ ಭೋಗ್ಯಪತ್ರದಲ್ಲಿ "ಪಶ್ಚಿಮಕ್ಕೆ ನಂಜಪ್ಪನ ಹಿತ್ತಲು" ಎಂದಿದೆ. ಅದೇ ಮನೆಯ 1938ರ ಕ್ರಯಪತ್ರದಲ್ಲಿ "ಪಶ್ಚಿಮಕ್ಕೆ ಸುಬ್ಬಣ್ಣ ಬಿನ್ ಲಿಂಗಪ್ಪನ ವಾಸದ ಮನೆ". ಎರಡು ಸಾಲಿನಲ್ಲಿ ಮೂರು ಸಂಗತಿ ಸಿಕ್ಕವು: ಹಿತ್ತಲಾಗಿದ್ದ ಜಾಗದಲ್ಲಿ ಮನೆ ಎದ್ದಿದೆ, ಅದು ಆ 26 ವರ್ಷದೊಳಗೆ ಎದ್ದಿದೆ, ಸ್ವತ್ತು ಬೇರೆ ಮನೆತನಕ್ಕೆ ಹೋಗಿದೆ. ಜಾಗ, ಕಟ್ಟಡ, ಮನೆತನ ಮೂರೂ ಕಲಮಿಗೆ ಒಂದೊಂದು ಸಾಲು ತುಂಬಿತು. ಬಡಗಣ ಮಗ್ಗುಲಿನವರ ಪತ್ರ 1925ರದ್ದು ಸಿಕ್ಕರೆ ಆ 26 ವರ್ಷ ಅರ್ಧಕ್ಕೆ ಇಳಿಯುತ್ತದೆ.

ಆದರೆ ಪತ್ರ ಬರೆಯುವವರು ಹಳೇ ಪತ್ರ ಮುಂದಿಟ್ಟುಕೊಂಡು ಚಕ್ಕುಬಂದಿಯನ್ನು ಹಾಗೇ ನಕಲು ಮಾಡುತ್ತಿದ್ದರು, ಈಗಲೂ ಮಾಡುತ್ತಾರೆ. ನಂಜಪ್ಪ ಸತ್ತು ಎರಡು ತಲೆ ಕಳೆದರೂ "ನಂಜಪ್ಪನ ಹಿತ್ತಲು" ಪತ್ರದಿಂದ ಪತ್ರಕ್ಕೆ ನಡೆದುಕೊಂಡೇ ಬರುತ್ತದೆ. ಆದ್ದರಿಂದ ಹೊಸ ಹೆಸರು ಮೊದಲ ಸಲ ಕಾಣಿಸಿಕೊಂಡ ತಾರೀಖನ್ನು ನಂಬಿ. ಹಳೇ ಹೆಸರು ಮುಂದುವರಿದಿದೆ ಎಂಬುದನ್ನು ಸಾಕ್ಷಿಯಾಗಿ ಹಿಡಿಯಬೇಡಿ. ಮೇಲಿನ ಮಾದರಿಯಲ್ಲೂ 1912ರ ಸಾಲು ಇನ್ನೂ ಹಳೇ ಪತ್ರದ ನಕಲಾಗಿದ್ದರೆ ಮನೆ 1912ಕ್ಕೆ ಮೊದಲೇ ಇದ್ದಿರಬಹುದು. 1938ಕ್ಕೆ ಮನೆ ಇತ್ತು ಎಂಬುದು ಮಾತ್ರ ಗಟ್ಟಿ.

"ಬಿನ್" ಅಂದರೆ ಇಂಥವರ ಮಗ, "ಕೋಂ" ಅಂದರೆ ಇಂಥವರ ಹೆಂಡತಿ. ಮೊಮ್ಮಗನಿಗೆ ತಾತನ ಹೆಸರಿಡುವ ಮನೆಗಳಲ್ಲಿ ಸುಬ್ಬಣ್ಣ ಬಿನ್ ಲಿಂಗಪ್ಪ, ಲಿಂಗಪ್ಪ ಬಿನ್ ಸುಬ್ಬಣ್ಣ ಎಂದು ನಾಲ್ಕು ತಲೆಮಾರು ಎರಡೇ ಹೆಸರಲ್ಲಿ ಓಡುತ್ತದೆ. ತಾರೀಖು ಪಕ್ಕಕ್ಕೆ ಬರೆಯದೆ ವಂಶವೃಕ್ಷ ಕಟ್ಟಲು ಹೋದರೆ ಇಬ್ಬರು ಸುಬ್ಬಣ್ಣರು ಒಬ್ಬರಾಗಿ ನೂರು ವರ್ಷ ಬದುಕುತ್ತಾರೆ. ಕರಾವಳಿಯ ಅಳಿಯಕಟ್ಟಿನ ಮನೆಗಳಲ್ಲಿ ಇದು ಇನ್ನೊಂದು ಬಗೆ: ಯಜಮಾನಿಕೆ ಸೋದರಮಾವನಿಂದ ಅಳಿಯನಿಗೆ ಹೋಗುವುದರಿಂದ ತಂದೆಯ ಹೆಸರು ಹಿಡಿದು ಹುಡುಕಿದರೆ ದಾರಿ ಮನೆಯಿಂದ ಹೊರಗೆ ಹೋಗುತ್ತದೆ. ಅಲ್ಲಿ ತಾಯಿಯ ಕವರು (ತಾಯಿಯ ಕಡೆಯ ಕವಲು) ಹಿಡಿಯಬೇಕು.

ಯಾವ ಸರ್ಕಾರದ ಕೆಳಗಿತ್ತು ನಿಮ್ಮೂರು?

ಇದನ್ನು ಬೇಗ ಮುಗಿಸುತ್ತೇವೆ. 1956ರ ನವೆಂಬರ್ 1ಕ್ಕೆ ಮೊದಲು ನಿಮ್ಮೂರು ಎಲ್ಲಿತ್ತು ಎಂಬುದರ ಮೇಲೆ ಕಾಗದದ ಭಾಷೆಯೂ ನಿಂತಿದೆ, ಅದು ಇರುವ ಊರೂ ನಿಂತಿದೆ. ಹಳೇ ಮೈಸೂರಿನದು ಬೆಂಗಳೂರು, ಮೈಸೂರಿನ ಪತ್ರಾಗಾರಗಳಲ್ಲಿ. ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ 1956ರವರೆಗೆ, ಬಳ್ಳಾರಿ 1953ರವರೆಗೆ ಮದರಾಸಿನದು. ಮೇಲ್ಮಟ್ಟದ ಕಂದಾಯ ಕಡತಗಳಿಗೆ ಚೆನ್ನೈನ ಎಗ್ಮೋರಿನ ಪತ್ರಾಗಾರ. ಉತ್ತರ ಕನ್ನಡ 1862ರವರೆಗೆ ಮದರಾಸು, ಆಮೇಲೆ ಮುಂಬಯಿ, ಅಂದರೆ ಎರಡು ಕಡೆ ಅಲೆಯಬೇಕು. ಧಾರವಾಡ, ಬೆಳಗಾವಿ, ವಿಜಯಪುರದ ಹಳೇ ಇನಾಂ ಕಾಗದಗಳು ಮೋಡಿ ಲಿಪಿಯಲ್ಲಿ (ಮರಾಠಿಯ ಹಳೇ ಕೂಡುಬರಹ) ಇರಬಹುದು, ಕಲಬುರಗಿ, ಬೀದರ, ರಾಯಚೂರಿನವು ಉರ್ದುವಿನಲ್ಲಿ. ಓದಿಸಲು ಆಯಾ ಊರಿನ ಹಳೇ ದಸ್ತಾವೇಜು ಬರಹಗಾರರು ಇನ್ನೂ ಸಿಗುತ್ತಾರೆ. ಕೂಲಿ ಮೊದಲೇ ಮಾತಾಡಿಕೊಳ್ಳಿ.

ಶಾನುಭೋಗಿಕೆ, ಪಟೇಲಿಕೆ ವಂಶಪಾರಂಪರ್ಯವಾಗಿ ನಡೆದು 1961ರ ಕಾಯ್ದೆಯಿಂದ, 1963ರಲ್ಲಿ ರದ್ದಾದವು. ಲೆಕ್ಕದ ಪುಸ್ತಕಗಳೆಲ್ಲ ಸರ್ಕಾರಕ್ಕೆ ಮರಳಲಿಲ್ಲ. ಊರಿನ ಹಳೇ ಶಾನುಭೋಗರ ಮನೆಯ ಅಟ್ಟ ಈಗಲೂ ಒಂದು ಪತ್ರಾಗಾರವೇ.

ಕಟ್ಟಡವನ್ನು ಓದುವುದು

ಮೊದಲು ಅಳೆಯಿರಿ. ಗ್ರಾಫ್ ಹಾಳೆಯಲ್ಲಿ 1 ಸೆಂಟಿಮೀಟರಿಗೆ 1 ಮೀಟರ್ ಹಿಡಿದು ನಕ್ಷೆ ಬರೆಯಿರಿ, ಪ್ರತಿ ಗೋಡೆಯ ದಪ್ಪವನ್ನೂ ಬೇರೆಯಾಗಿ ಹಾಕಿ. ಮಣ್ಣಿನ ಹಳೇ ಗೋಡೆ ಒಂದೂವರೆ ಎರಡು ಅಡಿ ದಪ್ಪವಿದ್ದು, ಪಕ್ಕದ ಕೋಣೆಯದು ಒಂಬತ್ತು ಇಂಚಿಗೆ ಇಳಿದರೆ ಅದು ಈಚಿನ ಸೇರ್ಪಡೆ. ಎರಡು ಗೋಡೆ ಕೂಡುವಲ್ಲಿ ಇಟ್ಟಿಗೆಗಳು ಒಂದರೊಳಗೊಂದು ಹೆಣೆದುಕೊಂಡಿವೆಯೋ, ನೆಟ್ಟನೆ ಬಿರುಕಿನಂತೆ ಸಂದು ಬಿಟ್ಟಿದೆಯೋ ನೋಡಿ. ಸಂದಿದ್ದರೆ ಎರಡು ಕಾಲದ ಕೆಲಸ. ಅಡುಗೆಮನೆ, ಬಚ್ಚಲು ಎಲ್ಲ ಮನೆಗಳಲ್ಲೂ ಹೆಚ್ಚು ಸಲ ಬದಲಾದ ಭಾಗ, ಅಲ್ಲಿಂದ ಮನೆಯ ವಯಸ್ಸು ಹೇಳಲು ಹೋಗಬೇಡಿ. ತೊಟ್ಟಿಯ ಸುತ್ತಿನ ಕಂಬ, ಕಂಬದ ತಲೆಯ ಬೋದಿಗೆ, ನಡುಮನೆಯ ತೊಲೆ ಹೆಚ್ಚು ನಂಬಿಕೆಯವು.

ಆದರೆ ಮರ ಊರಿಂದೂರಿಗೆ ಪ್ರಯಾಣ ಮಾಡುತ್ತದೆ. ತೊಲೆಯಲ್ಲಿ ಯಾವ ಕೀಲೂ ಕೂರದ ಖಾಲಿ ತೂತು, ಕಂಬದ ನಡುವೆ ಅರ್ಥವಿಲ್ಲದ ಗಾಡಿ (ಮರ ಕೂಡಿಸಲು ಕೊರೆದ ತೋಡು) ಕಂಡರೆ ಅದು ಬೇರೆ ಮನೆಯಿಂದ ಬಂದ ಮರ. ಸಾಗರ, ಹೊಸನಗರದ ಕಡೆ ಇದು ಬಹಳ. ಲಿಂಗನಮಕ್ಕಿಯ ನೀರು 1964ರಲ್ಲಿ ನಿಂತಾಗ ಮುಳುಗಡೆಯವರು ಮನೆ ಬಿಚ್ಚಿ ಕಂಬ, ಬಾಗಿಲು ಹೊತ್ತು ತಂದು ಹೊಸ ಜಾಗದಲ್ಲಿ ನಿಲ್ಲಿಸಿದರು. ಅಂಥ ಮನೆಯ ಮರಕ್ಕೆ ನೂರೈವತ್ತು ವರ್ಷ, ಮನೆಗೆ ಅರವತ್ತು ಚಿಲ್ಲರೆ. ಬಾಗಿಲ ಮೇಲಿನ ಕೆತ್ತನೆಯ ತಾರೀಖೂ ಆ ಬಾಗಿಲಿಗೆ ಮಾತ್ರ ಸೇರಿದ್ದು.

ಹೆಂಚಿನ ಬಗ್ಗೆ ವಿವರವಾಗಿ ಹೇಳಬೇಕು, ಎಲ್ಲರೂ ಎಡವುವುದು ಅಲ್ಲೇ. ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆಗೆದದ್ದು 1865ರಲ್ಲಿ. ಅವರ ಹಲವು ಹೆಂಚುಗಳ ಬೆನ್ನಿಗೆ 1865 ಎಂದು ಅಚ್ಚಿದೆ. ಅದು ಕಾರ್ಖಾನೆ ಹುಟ್ಟಿದ ವರ್ಷ, ಹೆಂಚು ಸುಟ್ಟ ವರ್ಷವಲ್ಲ. ದಶಕಗಳ ಮೇಲೂ ಅದೇ ಅಚ್ಚು ನಡೆಯಿತು. ಮೊದಲ ಮಹಾಯುದ್ಧದ ಮೇಲೆ ಮಿಶನ್ನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಆ ಹೆಸರಿದ್ದರೆ ಹೆಂಚು ಯುದ್ಧದ ಈಚಿನದು. ಒಂದು ಹೆಂಚು ನೋಡಿ ತೀರ್ಪು ಕೊಡಬೇಡಿ. ಪ್ರತಿ ಇಳಿಜಾರಿನಲ್ಲೂ ಬೇರೆ ಬೇರೆ ಕಡೆ ಹತ್ತಿಪ್ಪತ್ತು ಹೆಂಚಿನ ಬೆನ್ನು ನೋಡಿ ಯಾವ ಅಚ್ಚು ಎಷ್ಟಿದೆ ಎಣಿಸಿ. ಒಡೆದ ಹೆಂಚಿನ ಜಾಗಕ್ಕೆ ವರ್ಷ ವರ್ಷವೂ ಹೊಸದು ಕೂತಿರುತ್ತದೆ, ಹೆಚ್ಚು ಸಂಖ್ಯೆಯ ಅಚ್ಚೇ ಆ ಮಾಡು ಹೊದಿಸಿದ ಕಾಲಕ್ಕೆ ಹತ್ತಿರ.

ಹೆಂಚಿಗಿಂತ ಅದರ ಕೆಳಗಿನ ಪಕಾಸಿ, ಅಂದರೆ ಇಳಿಜಾರಿನ ಮರ, ಹೆಚ್ಚು ಹೇಳುತ್ತದೆ. ಮಂಗಳೂರು ಹೆಂಚಿಗೆ ರೀಪುಗಳು (ಪಕಾಸಿಯ ಮೇಲಿನ ಅಡ್ಡಪಟ್ಟಿಗಳು) ಸುಮಾರು 32 ಸೆಂಟಿಮೀಟರಿಗೊಂದು ಬರುತ್ತವೆ. ಅದೇ ಪಕಾಸಿಯ ಮೇಲೆ ಈಗಿನ ರೀಪಿಗೆ ಸಂಬಂಧವಿಲ್ಲದ, ಇನ್ನೂ ಒತ್ತಾದ ಮೊಳೆತೂತು, ಹಗ್ಗ ತಿಂದ ಗೆರೆ ಕಂಡರೆ ಮೊದಲು ಅಲ್ಲಿದ್ದದ್ದು ನಾಡಹೆಂಚು ಅಥವಾ ಹುಲ್ಲು. ಅಂದರೆ ಮಾಡಿನ ಮರ ಹೆಂಚಿಗಿಂತ ಹಳೆಯದು. ಕಮ್ಮಾರ ಬಡಿದ ಚೌಕ ಮೊಳೆ ಎಲ್ಲಿದೆ, ಕಾರ್ಖಾನೆಯ ದುಂಡು ತಂತಿಮೊಳೆ ಎಲ್ಲಿದೆ ಎಂಬುದನ್ನೂ ನಕ್ಷೆಯಲ್ಲಿ ಗುರುತು ಹಾಕಿ. ಸೂರಿನಡಿಯ ಕತ್ತಲಲ್ಲಿ ಟಾರ್ಚನ್ನು ಮರಕ್ಕೆ ಒರಗಿಸಿದಂತೆ ಓರೆಯಾಗಿ ಹಿಡಿದರೆ ನೇರ ಬೆಳಕಿನಲ್ಲಿ ಕಾಣದ ಕೆತ್ತನೆ, ಉಳಿಯ ಗುರುತು ಎದ್ದು ಕಾಣುತ್ತದೆ.

ಕಬ್ಬಿಣದ ತೊಲೆ ಇದ್ದರೆ ಅಚ್ಚು ಹುಡುಕಿ. ಟಾಟಾ ಎಂದಿದ್ದರೆ 1912ರ ಈಚಿನದು. ಅವರ ಉಕ್ಕು ಬರತೊಡಗಿದ್ದೇ ಆಗ. ಹಳೇ ರೈಲುಕಂಬಿಯನ್ನು ತೊಲೆಯಾಗಿ ಹಾಕಿದ್ದರೆ ಅದರ ಮಗ್ಗುಲಲ್ಲಿ ತಯಾರಕರ ಹೆಸರಿನ ಜೊತೆ ಇಸವಿಯೂ ಉಬ್ಬಿರುತ್ತದೆ. ಅದು ಕಂಬಿ ತಯಾರಾದ ಇಸವಿ. ರೈಲಿಗೆ ಹಾಸಿ, ಸವೆದು, ಹರಾಜಾಗಿ ಮನೆಗೆ ಬರಲು ಇನ್ನೆಷ್ಟೋ ವರ್ಷ. ನುಣುಪಾದ ಕೆಂಪು ನೆಲ ನೋಡಿ "ರಾಜರ ಕಾಲದ್ದು" ಎನ್ನುತ್ತಾರೆ. ರೆಡ್ ಆಕ್ಸೈಡ್ ನೆಲ ಸಾಮಾನ್ಯವಾಗಿ ಸಿಮೆಂಟಿನದು, ಸಿಮೆಂಟು ನಮ್ಮ ದೇಶದಲ್ಲಿ ದೊಡ್ಡದಾಗಿ ತಯಾರಾಗತೊಡಗಿದ್ದು 1914ರಿಂದ. ಹಳ್ಳಿಗೆ ಬಂದದ್ದು ಇನ್ನೂ ತಡ. ರಾಜರ ಕಾಲವೇ ಸರಿ, ಆದರೆ ಕೊನೆಯವರದ್ದು. ಮೂಲೆಯಲ್ಲಿ ಮೊಳೆಯಿಂದ ಗೀರಿ: ಬಿಳಿ ಪುಡಿ ಉದುರಿದರೆ ಸುಣ್ಣದ ಗಾರೆ, ಬೂದು ಬಣ್ಣವಾಗಿ ಗಟ್ಟಿಯಿದ್ದರೆ ಸಿಮೆಂಟು.

ಗೋಡೆಯ ಬಣ್ಣದ ಪದರ ನೋಡಲು ಬಾಗಿಲ ಹಿಂದಿನಂಥ ಮರೆಯ ಜಾಗದಲ್ಲಿ ಒಂದಿಂಚು ಅಗಲ, ನಾಲ್ಕಿಂಚು ಉದ್ದ ಸಾಕು. ಚೂಪು ಬ್ಲೇಡಿನಿಂದ ಮೆಟ್ಟಿಲು ಮೆಟ್ಟಿಲಾಗಿ ಕೆರೆಯುತ್ತಾ ಒಂದೊಂದು ಪದರವನ್ನೂ ಕಾಲು ಇಂಚು ಉಳಿಸಿಕೊಂಡು ಇಳಿಯಿರಿ. ಎರಡು ಕೋಣೆಯಲ್ಲಿ ಹೀಗೆ ಮಾಡಿ ಹೋಲಿಸಿದರೆ, ಒಂದರಲ್ಲಿ ಹದಿನೈದು ಪದರ, ಇನ್ನೊಂದರಲ್ಲಿ ಆರೇ ಇದ್ದರೆ ಯಾವುದು ಈಚಿನ ಕೋಣೆ ಎಂದು ಯಾರೂ ಹೇಳಬೇಕಾಗಿಲ್ಲ.

ಜನರನ್ನು ಕೇಳುವುದು

ಇಸವಿ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ಗಾಂಧಿ ಸತ್ತಾಗ ಈ ಅಟ್ಟ ಇತ್ತೇ, ಕರೆಂಟು ಬಂದಾಗ ತೊಟ್ಟಿ ಮುಚ್ಚಿತ್ತೇ ಎಂದು ಕೇಳಿ. ಹಿಂದಿನವರಿಂದ ಕೇಳಿದ ಮಾತಿನಲ್ಲಿ "ಧಾತು ಬರ" ಬಂದರೆ 1876-78, ಪ್ಲೇಗಿಗೆ ಊರು ಬಿಟ್ಟದ್ದು ಬಂದರೆ ಮೈಸೂರು ಸೀಮೆಯಲ್ಲಿ 1898ರಿಂದ ಮುಂದೆ. ಪ್ಲೇಗಿನಲ್ಲಿ ಜಾಗ ಬದಲಿಸಿದ ಊರುಗಳು ಹಲವು. ಕಂದಾಯದ ಲೆಕ್ಕದಲ್ಲಿ ಹಳೇ ಊರು "ಬೇಚರಾಕ್ ಗ್ರಾಮ" (ಜನವಸತಿ ಇಲ್ಲದ ಊರು) ಎಂದು ಉಳಿದಿರಬಹುದು, ಆಗ ಮನೆಯ ಹಿಂದಿನ ಕತೆ ಬೇರೆ ಗ್ರಾಮದ ಪುಸ್ತಕದಲ್ಲಿರುತ್ತದೆ. ಮನೆಯ ಗಂಡಸರಿಗಿಂತ ಸೊಸೆಯಾಗಿ ಬಂದ ಅಜ್ಜಿಯರ ಮಾತು ಕಟ್ಟಡದ ಮಟ್ಟಿಗೆ ಹೆಚ್ಚು ಖಚಿತ. ಅವರು ಒಂದು ದಿನ ಹೊಸಿಲು ದಾಟಿ ಒಳಗೆ ಬಂದವರು, ಆ ದಿನ ಒಲೆ ಎಲ್ಲಿತ್ತು, ನೀರು ಎಲ್ಲಿಂದ ಬರುತ್ತಿತ್ತು ಎಂಬುದು ಕಣ್ಣಿಗೆ ಕಟ್ಟಿದಂತಿರುತ್ತದೆ. ಮದುವೆಯ ವರ್ಷ ಗೊತ್ತಾದರೆ ಸಾಕು.

ನಿಮ್ಮ ಮನೆಗೆ ಹೆಳವರು, ಅಂದರೆ ಮನೆತನಗಳ ವಂಶಾವಳಿ ಹೇಳುವವರು, ಬರುವ ಪದ್ಧತಿ ಇದ್ದರೆ ಅವರು ಬಂದಾಗ ಪೂರ್ತಿ ವಂಶಾವಳಿ ಹಾಡಿಸಿ, ರೆಕಾರ್ಡ್ ಮಾಡಿಕೊಳ್ಳಿ. ಮೂಲ ಊರು, ಕವಲು ಒಡೆದದ್ದು ಅವರ ಪುಸ್ತಕದಲ್ಲಿ ಸಿಗುತ್ತದೆ. ಕಟ್ಟಡದ ತಾರೀಖು ಅವರನ್ನು ಕೇಳಬೇಡಿ, ಅದು ಅವರ ಲೆಕ್ಕವಲ್ಲ.

ಸಭಿಕರ ಪ್ರಶ್ನೆಗಳಿಂದ

"ಹಳೇ ಜನಗಣತಿಯಲ್ಲಿ ನಮ್ಮ ಮನೆಯ ಹೆಸರುಗಳು ಸಿಗುತ್ತವೆಯೇ? ಅಮೆರಿಕದಲ್ಲಿರುವ ಮಗ ಅಲ್ಲಿ ಸಿಗುತ್ತದೆ ಅಂತಾನೆ."

ಅಲ್ಲಿ 72 ವರ್ಷದ ಮೇಲೆ ಬಿಡುಗಡೆ ಮಾಡುತ್ತಾರೆ. ನಮ್ಮಲ್ಲಿ ಮನೆಮನೆಯ ಜನಗಣತಿ ಹಾಳೆ ಗೋಪ್ಯ, ಸಾರ್ವಜನಿಕರಿಗೆ ಸಿಗುವುದಿಲ್ಲ. ಜಿಲ್ಲಾ ಜನಗಣತಿ ಕೈಪಿಡಿಗಳಲ್ಲಿ ಊರಿಗೆ ಎಷ್ಟು ಮನೆ, ಎಷ್ಟು ಜನ ಎಂಬುದು 1951ರಿಂದ ಸಿಗುತ್ತದೆ. ಊರು ಬೆಳೆದ ವೇಗ ತಿಳಿಯಲು ಅಷ್ಟು ಸಾಕು.

"ಕರೆಂಟ್ ಬಿಲ್ಲಿನ ಆರ್.ಆರ್. ನಂಬರು ಹಿಡಿದು ತಾಲ್ಲೂಕು ಕಚೇರಿಯಲ್ಲಿ ಕೇಳಿದರೆ ನಕ್ಕರು."

ಅದು ವಿದ್ಯುತ್ ಕಚೇರಿಯ ರೆವಿನ್ಯೂ ರಿಜಿಸ್ಟರಿನ ನಂಬರು, ಜಮೀನಿನ ಆರ್.ಆರ್. (ರೆಕಾರ್ಡ್ ಆಫ್ ರೈಟ್ಸ್) ಬೇರೆ. ಆದರೆ ಎಸೆಯಬೇಡಿ. ಮನೆಗೆ ಮೊದಲ ಸಂಪರ್ಕ ಯಾವಾಗ, ಯಾರ ಹೆಸರಲ್ಲಿ ಎಂದು ಆ ನಂಬರಿನಿಂದ ವಿದ್ಯುತ್ ಕಚೇರಿಯಲ್ಲಿ ವಿಚಾರಿಸಬಹುದು.

"ನಮ್ಮದು ಪತ್ರವೇ ಇಲ್ಲದ ಮನೆ. ಒಡೆಯರ ಜಮೀನಿನಲ್ಲಿ ಗುಡಿಸಲು ಹಾಕಿಕೊಂಡವರು ನಮ್ಮ ಹಿರಿಯರು. ನಮಗೆ ಚರಿತ್ರೆ ಎಲ್ಲಿ ಸಿಗುತ್ತದೆ?"

ಪತ್ರ ಇರುವ ಮನೆಗಿಂತ ಇಲ್ಲಿ ಹುಡುಕಾಟ ಕಷ್ಟ, ಆದರೆ ಬರಿಗೈಯಲ್ಲ. ಗೇಣಿ ಜಮೀನು 1974ರ ಮಾರ್ಚ್ 1ಕ್ಕೆ ಸರ್ಕಾರಕ್ಕೆ ಸೇರಿತು, ಗೇಣಿದಾರರು 7ನೇ ನಮೂನೆಯಲ್ಲಿ ಅರ್ಜಿ ಹಾಕಿದರು. ನಿಮ್ಮವರು ಹಾಕಿದ್ದರೆ ಭೂ ನ್ಯಾಯಮಂಡಳಿಯ ಆ ಕಡತವನ್ನು ತಾಲ್ಲೂಕು ಕಚೇರಿಯಲ್ಲಿ ಕೇಳಿ. ಆದೇಶದ ಹಾಳೆಯಷ್ಟೇ ತೆಗೆದುಕೊಂಡು ಬರಬೇಡಿ, ಒಳಗಿನ ಹೇಳಿಕೆ ಮತ್ತು ಮಹಜರು ಓದಿ. ಎಷ್ಟು ವರ್ಷದಿಂದ ವಾಸ, ಗೇಣಿ ಎಷ್ಟು, ಮನೆ ಯಾವ ಮಗ್ಗುಲಲ್ಲಿದೆ ಎಂಬುದನ್ನು ನಿಮ್ಮ ಅಜ್ಜ ತನ್ನ ಬಾಯಿಂದಲೇ ಹೇಳಿ ಹೆಬ್ಬೆಟ್ಟು ಒತ್ತಿರುವುದು ಅಲ್ಲಿ ಸಿಗಬಹುದು. ಅರ್ಜಿ ಹಾಕದಿದ್ದರೂ ಒಡೆಯರ ಅಕ್ಕಪಕ್ಕದ ಜಮೀನಿನ ಕಡತದಲ್ಲಿ ಸಾಕ್ಷಿಯಾಗಿ, ಚಕ್ಕುಬಂದಿಯಾಗಿ ನಿಮ್ಮವರ ಹೆಸರು ಬಂದಿರಬಹುದು. ಸರ್ಕಾರ ನಿವೇಶನ ಹಂಚಿದ್ದರೆ ಹಕ್ಕುಪತ್ರದ ನೋಂದಣಿ ಪುಸ್ತಕ, ಜನತಾ ಮನೆಯಾಗಿದ್ದರೆ ಫಲಾನುಭವಿಗಳ ಪಟ್ಟಿ ಪಂಚಾಯ್ತಿ ಅಥವಾ ತಾಲ್ಲೂಕಿನಲ್ಲಿರುತ್ತದೆ. ಇವೆಲ್ಲಕ್ಕಿಂತ ಮೊದಲು ಊರ ಶಾಲೆಗೆ ಹೋಗಿ ದಾಖಲಾತಿ ರಿಜಿಸ್ಟರು ನೋಡಿ. ಹಳೇ ಶಾಲೆಗಳಲ್ಲಿ ಅದು ಸ್ವಾತಂತ್ರ್ಯಕ್ಕೂ ಹಿಂದಕ್ಕೆ ಹೋಗುತ್ತದೆ; ಮಗುವಿನ ಹೆಸರು, ತಂದೆಯ ಹೆಸರು, ಕಸುಬು, ವಾಸದ ಊರು ಒಂದೇ ಸಾಲಿನಲ್ಲಿರುತ್ತವೆ. ಮುಖ್ಯೋಪಾಧ್ಯಾಯರಿಗೆ ಒಂದು ಅರ್ಜಿ ಕೊಟ್ಟು, ರಜೆಯಲ್ಲದ ದಿನ ಮಧ್ಯಾಹ್ನದ ಊಟದ ಹೊತ್ತು ಮುಗಿದ ಮೇಲೆ ಹೋಗಿ, ಪೆನ್ಸಿಲ್ ಮಾತ್ರ ತೆಗೆದುಕೊಂಡು ಹೋಗಿ.